ಎಡಕ್ಕೊಂದು, ಬಲಕ್ಕೊಂದು ಜೇಬು

ಹುಡುಗಿ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಹೊಲಿಗೆ ಮಿಷನ್ನಿನ ಸೂಜಿಯ ಕಣ್ಣಿಗೆ ಹಿಡಿದಿದ್ದಳು. ಪಕ್ಕದ ಗಾಲಿಕುರ್ಚಿಯಲ್ಲಿ ಅಜ್ಜಿ ಬಟ್ಟೆ ಹಿಡಿದು ಕೂತಿದ್ದಳು. ಇಬ್ಬರ ಕಿವಿಯೂ ಮೆಟ್ಟಿಲ ಮೇಲಿತ್ತು. ಸೊಸೆಯ ಚಪ್ಪಲಿಯ ಸದ್ದು ಇಳಿದಿಳಿದು, ಕೆಳಗಿನ ಗೇಟು ಕಿರ್ರೆಂದು, ಬೀದಿಯ ಗದ್ದಲದಲ್ಲಿ ಕರಗುವ ಹೊತ್ತಿಗೆ ದಾರವೂ ನುಸುಳಿತು.

"ಸುತ್ತು," ಎಂದಳು ಅಜ್ಜಿ.

ಬೆಳಗ್ಗೆ ಬಂದು ಸಂಜೆಯವರೆಗೆ ಅಜ್ಜಿಯನ್ನು ನೋಡಿಕೊಳ್ಳುವುದು ಹುಡುಗಿಯ ಕೆಲಸ. ನಡೆದರೆ ಸದ್ದಿಲ್ಲ, ಮಾತಾಡಿದರೆ ಕೇಳಿಸುವುದಿಲ್ಲ ಎಂದು ಅಜ್ಜಿ ಅವಳಿಗೆ ಇಲಿ ಎಂದು ಹೆಸರಿಟ್ಟಿದ್ದಳು. ಅಜ್ಜಿಯ ಬಲಗೈ ಬಲಗಾಲು ಸ್ವಾಧೀನ ತಪ್ಪಿದಾಗ ನಾಲಿಗೆಯೂ ಅರ್ಧ ರಜೆ ಹಾಕಿತ್ತು. ಉಳಿದರ್ಧಕ್ಕೇ ಮೊನಚು ಜಾಸ್ತಿ. ಒಂದು ಕಾಲಕ್ಕೆ ಆ ಬೀದಿಯ ಮಕ್ಕಳೆಲ್ಲ ತೊಡುತ್ತಿದ್ದದ್ದು ಅವಳು ಹೊಲಿದ ಅಂಗಿಯನ್ನೇ.

ಕಾಯಿಲೆಯಾದ ಮೇಲೊಮ್ಮೆ ಅವಳು ಯಾರಿಗೂ ಹೇಳದೆ ಹೊಲಿಗೆ ಮಿಷನ್ನಿನ ಮುಂದೆ ಕೂರಲು ಹೋಗಿ ದೊಪ್ಪನೆ ಬಿದ್ದಿದ್ದಳು. ಅಂದೇ ಸೊಸೆ ಚಕ್ರದ ಬೆಲ್ಟನ್ನು ಬಿಚ್ಚಿ ಬೀರುವಿನ ಮೇಲಿಟ್ಟಳು. ಬೆಲ್ಟಿಲ್ಲದೆ ಎಷ್ಟು ತುಳಿದರೂ ಮಿಷನ್ ಓಡುವುದಿಲ್ಲ. ಅಜ್ಜಿಯನ್ನು ಅದರ ಹತ್ತಿರ ಬಿಟ್ಟರೆ ನಾಳೆಯಿಂದ ಬರುವುದು ಬೇಡ ಎಂದು ಹುಡುಗಿಗೂ ಕಟ್ಟಪ್ಪಣೆಯಾಗಿತ್ತು. ಈಗಂತೂ ಗಾಲಿಕುರ್ಚಿ ತಿರುಗಿಸಲು ಜಾಗ ಸಾಲದೆ ಮಿಷನ್ನನ್ನೇ ಕೊನೆಮನೆಯ ಟೈಲರಿಗೆ ಕೊಡುವುದೆಂದಾಗಿತ್ತು. ಅವನು ಇವತ್ತೇ ಬಂದು ಒಯ್ಯುವವನು. ಆಗಲಿ ಎಂದವಳು ಅಜ್ಜಿಯೇ. ಆದರೆ ಹಾಗೆಂದ ದಿನದಿಂದ ಅವಳ ತಲೆಗೊಂದು ಹುಳ ಹೊಕ್ಕಿತ್ತು: ಮಿಷನ್ ಹೋಗುವ ಮುಂಚೆ ಸೊಸೆಗೊಂದು ಏಪ್ರನ್ ಹೊಲಿಯಬೇಕು, ಜೇಬಿರುವ ಏಪ್ರನ್.

ಜೇಬು ಯಾಕೆಂದು ಹುಡುಗಿ ಕೇಳಲಿಲ್ಲ. ಮಾತ್ರೆಯ ಪಟ್ಟಿ ಹಲ್ಲಿನಲ್ಲಿ, ಟವೆಲ್ಲು ಹೆಗಲಲ್ಲಿ, ಬೀಗದ ಕೈ ಗಲ್ಲದಡಿಯಲ್ಲಿ, ಹೀಗೆ ಮೈಯನ್ನೇ ಕಪಾಟು ಮಾಡಿಕೊಂಡು ಓಡಾಡುವ ಸೊಸೆಯನ್ನು ಅವಳೂ ದಿನಾ ನೋಡುತ್ತಿದ್ದಳು. ಹುಳುಕು ಹಲ್ಲು ಕೀಳಿಸಿಕೊಳ್ಳಲು ಕೂಡ ಸೊಸೆಗೆ ಪುರಸೊತ್ತಾಗಿರಲಿಲ್ಲ. ಇವತ್ತು ಅತ್ತೆ ಹಟ ಹಿಡಿದು ಕಳಿಸಿದ್ದಳು. ಹಟದ ಹಿಂದಿನ ಸಂಚು ಅಜ್ಜಿಗೂ ಹುಡುಗಿಗೂ ಮಾತ್ರ ಗೊತ್ತು.

ಹಳೆಯ ನೀಲಿ ಪರದೆಯಲ್ಲಿ ಎರಡು ಏಪ್ರನ್ ಕತ್ತರಿಸಿದ್ದಾಗಿತ್ತು. ಎರಡೇಕೆಂದರೆ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದಿದ್ದಳು ಅಜ್ಜಿ. ಸೊಸೆ ಅಂಗಡಿಗೆ ಹೋದಾಗಲೆಲ್ಲ ಚೂರುಚೂರೇ ಅಂಚು ಹೊಲಿದು, ಈಗ ಒಂದೊಂದಕ್ಕೆ ಒಂದರಂತೆ ಜೇಬುಗಳಷ್ಟೇ ಉಳಿದಿದ್ದವು. ಬೆಲ್ಟಿನ ಕೆಲಸವನ್ನು ಹುಡುಗಿಯ ಬಲಗೈ ಮಾಡುತ್ತಿತ್ತು. ಅವಳು ಚಕ್ರ ಸುತ್ತುವುದು, ಅಜ್ಜಿ ಎಡಗೈಯಲ್ಲಿ ಬಟ್ಟೆ ನಡೆಸುವುದು. ಸೂಜಿ ಟಕಟಕನೆ ಕುಣಿಯುತ್ತಿದ್ದರೆ ಹುಡುಗಿಯ ಎದೆಯೂ ಅದೇ ತಾಳ ಹಿಡಿದಿತ್ತು. ಮೆಟ್ಟಿಲಲ್ಲಿ ಹೆಜ್ಜೆ ಕೇಳಿ ಒಮ್ಮೆ ಇಬ್ಬರೂ ಕಲ್ಲಾದರು. ಮೇಲಿನ ಮನೆಯವರು. ಅಜ್ಜಿ ಕಿಸಕ್ಕನೆ ನಕ್ಕಳು. ಅವಳು ನಕ್ಕದ್ದನ್ನು ಹುಡುಗಿ ನೋಡಿದ್ದು ಅದೇ ಮೊದಲು.

ಮೊದಲ ಏಪ್ರನ್ನಿನ ಜೇಬು ಎಡಕ್ಕೆ ಕೂತಿತು. ಎರಡನೆಯ ಏಪ್ರನ್ನಿನದನ್ನು ಅಜ್ಜಿ ಬಲಕ್ಕಿಟ್ಟಾಗ ಹುಡುಗಿಯ ಕೈ ನಿಂತಿತು. ಅಜ್ಜಿಗೆ ಎಡಬಲ ಮರೆತೀತು ಎಂದು ಡಾಕ್ಟರು ಹೇಳಿದ್ದು ಅವಳಿಗೆ ನೆನಪಾಯಿತು. ಅಜ್ಜಿ ಇಷ್ಟು ಹಿಗ್ಗಿನಲ್ಲಿರುವಾಗ ಹೇಗೆ ಹೇಳುವುದು?

"ಅಜ್ಜಿ, ಇದು ಆ ಕಡೆ ಹೋಯ್ತಲ್ಲ," ಎಂದಳು ಕೊನೆಗೂ.

"ಸುತ್ತು ಇಲಿ. ನೀನು ಬೆಲ್ಟು. ಬೆಲ್ಟಿಗೆಂಥ ಮಾತು."

ಹುಡುಗಿ ಸುತ್ತಿದಳು. ಕೊನೆಯ ಹೊಲಿಗೆ ಬಿದ್ದು ದಾರ ಕತ್ತರಿಸುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು.

ಸೊಸೆ ಕೆನ್ನೆ ಊದಿಸಿಕೊಂಡು, ಬಾಯಿತುಂಬ ಹತ್ತಿ ಕಚ್ಚಿಕೊಂಡು ನಿಂತಿದ್ದಳು. ಬಾಯಿ ತೆರೆಯಕೂಡದೆಂದು ಹಲ್ಲಿನ ಡಾಕ್ಟರು ಹೇಳಿರಬೇಕು. ಬೈಗುಳವೆಲ್ಲ ಕಣ್ಣಿಗೆ ಬಂದಿತ್ತು. ಮಿಷನ್ ನೋಡಿದಳು, ಹುಡುಗಿಯನ್ನು ನೋಡಿದಳು, ಸರಸರನೆ ಸ್ಟೂಲೆಳೆದು ಹತ್ತಿ ಬೀರುವಿನ ಮೇಲೆ ತಡಕಾಡಿದಳು. ಬೆಲ್ಟು ಇಟ್ಟಲ್ಲೇ ಇತ್ತು. ಅದನ್ನು ಹಿಡಿದುಕೊಂಡು ಇಳಿದು ಹುಡುಗಿಯ ಮುಖದೆದುರು ಆಡಿಸಿದಳು. ಇದಿಲ್ಲದೆ ಹೇಗೆ ಓಡಿತೇ ಎಂಬಂತೆ. ಹುಡುಗಿ ಚಕ್ರದ ಗುರುತು ಬಿದ್ದ ತನ್ನ ಅಂಗೈ ನೋಡಿಕೊಂಡಳು. ಕೆಲಸ ಹೋಯಿತೆಂದೇ ಅವಳಿಗನ್ನಿಸಿತು.

"ಅವಳನ್ನ ಯಾಕೆ ಗದರ್ತೀಯ. ತಗೊಂಡು ಹಾಕ್ಕೊ," ಎಂದು ಅಜ್ಜಿ ಎಡ ಜೇಬಿನ ಏಪ್ರನ್ನನ್ನು ಸೊಸೆಯ ಕಡೆ ಎಸೆದಳು. ಇನ್ನೊಂದನ್ನು ಹುಡುಗಿಯ ಮಡಿಲಿಗೆ ತಳ್ಳಿದಳು. "ನೀನೂ ಹಾಕ್ಕೊ. ಅದು ನಿಂದು."

ತಾನು ಸುತ್ತಿದ್ದು ತನ್ನ ಏಪ್ರನ್ನಿಗೇ ಎಂದು ಹುಡುಗಿಗೆ ಆಗ ತಿಳಿಯಿತು. ಕಿವಿಯೆಲ್ಲ ಬಿಸಿಯಾಯಿತು. ದಾರಗಳನ್ನು ಬೆನ್ನಹಿಂದೆ ಕಟ್ಟಿಕೊಳ್ಳಲು ಹೋದರೆ ಬೆರಳು ಮಾತೇ ಕೇಳಲಿಲ್ಲ. ಬೆಲ್ಟನ್ನು ಎಡ ಮಣಿಕಟ್ಟಿಗೆ ತೂಗುಹಾಕಿಕೊಂಡು ತನ್ನದನ್ನು ಕಟ್ಟಿಕೊಂಡ ಸೊಸೆಯೇ ಅವಳದಕ್ಕೂ ಗಂಟು ಹಾಕಿದಳು.

"ಈಗ ಎಬ್ಬಿಸಿ ನನ್ನ," ಎಂದಳು ಅಜ್ಜಿ.

ಅವರು ದಿನವೂ ಎಬ್ಬಿಸುವಂತೆಯೇ ಎಬ್ಬಿಸಿದರು. ಎಡಕ್ಕೆ ಸೊಸೆ, ಅವಳ ಬಲತೋಳು ಅಜ್ಜಿಯ ಸೊಂಟಕ್ಕೆ. ಸೋತ ಬಲಮಗ್ಗುಲಿಗೆ ಹುಡುಗಿ, ಅವಳ ಎಡತೋಳು ಸೊಂಟಕ್ಕೆ. ಅಜ್ಜಿ ಎದ್ದು ನಿಂತಳು. ಸೊಸೆಯ ಎಡಗೈಯಲ್ಲಿ ಬೆಲ್ಟು ಜೋತಾಡುತ್ತಿತ್ತು. ಅದನ್ನೆಲ್ಲಿಡಲೆಂದು ಅತ್ತಿತ್ತ ನೋಡಿದ ಸೊಸೆಯ ಕೈ ತಾನಾಗಿಯೇ ಕೆಳಗಿಳಿದು ಜೇಬಿನೊಳಗೆ ಹೋಯಿತು. ಬಟ್ಟೆಯಡಿ ಬೆಲ್ಟು ಸುರುಳಿಯಾಗಿ ಕೂತಿತು. ಹುಡುಗಿಯೂ ತನ್ನ ಖಾಲಿ ಬಲಗೈಯನ್ನು ಇಳಿಬಿಟ್ಟಳು. ಜೇಬು ಅಲ್ಲೇ ಇತ್ತು, ಕೈಗಾಗಿಯೇ ಕಾದಂತೆ.

ಇಬ್ಬರೂ ಅಜ್ಜಿಯ ಬೆನ್ನ ಮೇಲಿಂದ ಒಬ್ಬರನ್ನೊಬ್ಬರು ನೋಡಿಕೊಂಡರು.

"ಎತ್ತಿಸಿಕೊಳ್ಳೋಳು ನಾನು," ಎಂದಳು ಅಜ್ಜಿ. "ಯಾರ ಯಾವ ಕೈ ಬಿಡುವಾಗಿರುತ್ತೆ ಅಂತ ನಂಗೆ ಗೊತ್ತಿರಲ್ವಾ."

ಸೊಸೆಯ ಊದಿದ ಕೆನ್ನೆಯ ಮೇಲೆ ನೀರಿಳಿಯಿತು. ನಗಲು ಹೋಗಿ ಹತ್ತಿ ಕಚ್ಚಿಕೊಂಡು ಹ್ಞೂಂ ಎಂದು ನರಳಿದಳು. ಹುಡುಗಿಗೆ ಕುಣಿಯಬೇಕೆನಿಸಿತು, ತೋಳಲ್ಲಿ ಅಜ್ಜಿಯಿದ್ದುದರಿಂದ ಸುಮ್ಮನಿದ್ದಳು. ಅಜ್ಜಿ ಬೀಗಿಕೊಂಡು ಎಂದಿಗಿಂತ ನೆಟ್ಟಗೆ ನಿಂತಿದ್ದಳು.

ಆಗ ಬಾಗಿಲ ಗಂಟೆ ಸದ್ದಾಯಿತು. ಮಿಷನ್ ಒಯ್ಯಲು ಬಂದಿದ್ದೇನೆ, ಎಂದು ಟೈಲರು ಹೊರಗಿನಿಂದಲೇ ಕೂಗಿದ.

ಅಜ್ಜಿ ಮಿಷನ್ನಿನ ಕಡೆಗೊಮ್ಮೆ ನೋಡಿದಳು. ಸೂಜಿಯಲ್ಲಿ ನೀಲಿ ದಾರ ಇನ್ನೂ ಹಾಗೇ ಇತ್ತು. ಸೊಸೆಯ ಕೈ ಜೇಬಿನೊಳಗೇ ಬೆಲ್ಟನ್ನು ಬಿಗಿಯಾಗಿ ಹಿಡಿಯಿತು.

"ಅವನಿಗೆ ನಾಳೆ ಬಾ ಅಂತ ಹೇಳ್ರೇ," ಎಂದಳು ಅಜ್ಜಿ.