ತಣ್ಣಗಾಗುವ ತನಕ

ಮೇಜಿನ ಮೇಲೆ ತುದಿಗಾಲಲ್ಲಿ ನಿಂತರೂ ಪರದೆಯ ದಾರ ಕೈಗೆ ಸಿಗುತ್ತಿರಲಿಲ್ಲ. ಬೀಗದಕ್ಕ ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿದ್ದ ಛತ್ರಿಯ ಹಿಡಿಯನ್ನು ದಾರದ ಕುಣಿಕೆಗೆ ಸಿಕ್ಕಿಸಿ ಎಳೆದಳು. ಪರದೆ ಒಂದು ಗೇಣು ಇಳಿದು ಅಲ್ಲೇ ಮುಷ್ಕರ ಹೂಡಿತು. ಕೆಳಗಿದ್ದವನು, "ಇಳೀರಿ ಅಕ್ಕ, ಬಿದ್ದುಗಿದ್ದೀರಿ," ಎಂದ. ಇಳಿಯುವ ಹೆಂಗಸೇ ಅವಳು? ಹಲ್ಲು ಕಚ್ಚಿ ಮತ್ತೊಮ್ಮೆ ಎಳೆದಳು. ಪರದೆ ಸರ್ರನೆ ನೆಲದವರೆಗೂ ಬಂತು.

ಇಷ್ಟು ವರ್ಷ ಆ ಪರದೆ ಇಳಿಸುತ್ತಿದ್ದವರು ಎತ್ತರದ ಆಳು, ಕೈಯೆತ್ತಿದರೆ ಸಾಕಿತ್ತು. ಅವರನ್ನು ಬೆಳಿಗ್ಗೆಯಷ್ಟೇ ಮಣ್ಣು ಮಾಡಿ ಬಂದಿದ್ದರು. ಅವರಿದ್ದದ್ದು ತಂಗಿಯ ಮನೆಯಲ್ಲಿ, ಅದು ಎರಡೇ ಕೋಣೆಯ ಮನೆ. ಬಂದವರನ್ನು ಎಲ್ಲಿ ಕೂರಿಸುವುದು ಎಂದು ಯೋಚಿಸಿ ಕೊನೆಗೆ ಗ್ರಂಥಾಲಯದ ಮಹಡಿಯ ಮೇಲಿನ ಈ ಸಭಾಂಗಣವೇ ಸರಿ ಎಂದಿದ್ದರು. ಅಣ್ಣನ ಫೋಟೋಗಳನ್ನು ಅಣ್ಣನ ಮೆಷಿನ್ನಿನಲ್ಲೇ ತೋರಿಸಬೇಕು ಎಂಬುದು ತಂಗಿಯ ಆಸೆ. ಮೆಷಿನ್ನನ್ನು ಚೀಲದಲ್ಲಿ ಹೊತ್ತು ತಂದು, ಈಗ ಮೇಜಿನ ಪಕ್ಕ ನಿಂತಿದ್ದವನು ಅವರ ಅಂಗಡಿಯ ಪಾಲುದಾರ. ಪ್ರೊಜೆಕ್ಟರುಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಅದು. ಇವನದು ರಿಪೇರಿ, ಅವರದು ಸಭೆಗಳಿಗೆ ಹೋಗಿ ಜೋಡಿಸಿಕೊಡುವ ಕೆಲಸ.

ಬೀಗದಕ್ಕ ಸಭಾಂಗಣ ನೋಡಿಕೊಳ್ಳುವವಳು. ಸೊಂಟದಲ್ಲಿ ಬೀಗದಕೈಗಳ ಗೊಂಚಲು ಇರುತ್ತದೆಂದು ಯಾರೋ ಇಟ್ಟ ಹೆಸರು ಅದು. ಅಪ್ಪ ಅಮ್ಮ ಇಟ್ಟ ಹೆಸರನ್ನು ಸಂಬಳ ಕೊಡುವ ಗುಮಾಸ್ತರೊಬ್ಬರು ನೆನಪಿಟ್ಟುಕೊಂಡಿದ್ದರೆ ಹೆಚ್ಚು. ಸಾವಿನ ಸುದ್ದಿಯೂ ಅವಳಿಗೆ ಈ ಕೆಲಸದ ಮೂಲಕವೇ ಬಂದಿತ್ತು. ನೆನ್ನೆ ಪಾಲುದಾರ ಫೋನು ಮಾಡಿ ನಾಳೆ ಹಾಲ್ ಖಾಲಿ ಇದೆಯಾ ಎಂದು ಕೇಳಿದ್ದ. ಖಾಲಿ ಇದೆಯಪ್ಪ, ಏನು ಕಾರ್ಯಕ್ರಮ ಎಂದು ಇವಳು ರೂಢಿಯಂತೆ ಕೇಳಿದಳು. ಅವನು ಹೇಳಿದ.

ಕುರ್ಚಿ ಹಾಕುತ್ತಿದ್ದಾಗ ತಂಗಿಯ ನೆರೆಮನೆಯ ಹೆಂಗಸು ಹತ್ತಿರ ಬಂದು, "ನೀವು ಅವರಿಗೆ ಏನಾಗ್ಬೇಕು?" ಎಂದು ಕೇಳಿದಳು.

"ನಾನು ಹಾಲ್ ನೋಡ್ಕೊಳ್ಳೋಳು."

"ಓ," ಎಂದು ಆಕೆ ಫ್ಯಾನಿನ ಕೆಳಗಿನ ಕುರ್ಚಿ ಹುಡುಕಿಕೊಂಡು ಹೋದಳು. ಬೀಗದಕ್ಕ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತೇಬಿಟ್ಟಳು. ಏನಾಗಬೇಕು? ಅದೊಂದನ್ನು ತಿಳಿದುಕೊಳ್ಳಬೇಕೆಂದೇ ಅವಳು ವರ್ಷಗಟ್ಟಲೆ ಕಾದಿದ್ದಳು. ಹೇಳಬೇಕಾದವರು ಹೇಳದೆ ಎದ್ದು ಹೋಗಿದ್ದರು. ಇನ್ನು ಯಾರನ್ನು ಕೇಳುವುದು?

*

ಗುರುವಾರವೆಂದರೆ ಸಭಾಂಗಣದಲ್ಲಿ ಉಪನ್ಯಾಸದ ದಿನ. ಒಂದು ವಾರ ಕಿಡ್ನಿ ಕಲ್ಲಿನ ಡಾಕ್ಟರು, ಒಂದು ವಾರ ನೀರಿನ ಪಂಪಿನ ಕಂಪನಿಯವರು, ಇನ್ನೊಂದು ವಾರ ಜೇನು ಸಾಕುವವನು. ಮಾತಾಡುವವರು ಬದಲಾಗುತ್ತಿದ್ದರು, ಪ್ರೊಜೆಕ್ಟರಿನವರು ಮಾತ್ರ ಅವರೇ. ಎಲ್ಲರಿಗಿಂತ ಮುಂಚೆ ಬಂದು ಮೇಜು ಎಳೆದು, ವೈರು ಹಾಸಿ, ಯಾರೂ ಎಡವದಂತೆ ಅದರ ಮೇಲೆ ಟೇಪು ಅಂಟಿಸಿ, ಚಿತ್ರ ಪರದೆಯ ನಾಲ್ಕು ಮೂಲೆಗೆ ಸರಿಯಾಗಿ ಕೂರುವ ತನಕ ಮೆಷಿನ್ನಿನ ಮುಂಗಾಲನ್ನು ತಿರುಗಿಸುತ್ತಿದ್ದರು. ಎಲ್ಲ ಸರಿಯಾದ ಮೇಲೆ ಹಿಂದಿನ ಸಾಲಿನ ಕಡೆ ನೋಡಿ ಕೈಯೆತ್ತುವರು. ಸ್ವಿಚ್ಚಿನ ಪಕ್ಕ ಕೂತಿರುತ್ತಿದ್ದ ಬೀಗದಕ್ಕ ದೀಪ ಆರಿಸುವಳು. ಪೂರ್ತಿ ಅಂಗೈ ತೋರಿಸಿದರೆ ಎಲ್ಲ ದೀಪ, ಎರಡು ಬೆರಳು ತೋರಿಸಿದರೆ ಮುಂದಿನವು ಮಾತ್ರ. ಇದನ್ನು ಇಬ್ಬರೂ ಕೂತು ಗೊತ್ತುಮಾಡಿಕೊಂಡದ್ದೇನಲ್ಲ, ಹೇಗೋ ಆಗಿಹೋಗಿತ್ತು.

ಉಪನ್ಯಾಸ ಮುಗಿದು ಜನ ಇಳಿದುಹೋದ ಮೇಲೆ ಅವರದೊಂದು ಕಟ್ಟಳೆ. ಮೆಷಿನ್ನಿನ ದೀಪ ಆರಿದರೂ ಒಳಗಿನ ಫ್ಯಾನು ತಿರುಗುತ್ತಲೇ ಇರುತ್ತದೆ. ಅದು ತಾನಾಗಿ ನಿಲ್ಲುವ ತನಕ ಪ್ಲಗ್ಗು ಕೀಳಬಾರದು, ಕಿತ್ತರೆ ಬಿಸಿಗೆ ದೀಪವೇ ಒಡೆದುಹೋಗಬಹುದು ಎಂದು ಮೊದಲನೆಯ ದಿನವೇ ಹೇಳಿದ್ದರು. ಅವರು ಹೊರಡದೆ ಇವಳು ಬೀಗ ಹಾಕುವಂತಿಲ್ಲ. ಹೀಗಾಗಿ ಖಾಲಿ ಸಭಾಂಗಣದಲ್ಲಿ, ಮೆಷಿನ್ನಿನ ಹಿಂದಿನ ಎರಡು ಕುರ್ಚಿಗಳಲ್ಲಿ ಇಬ್ಬರೂ ಅಕ್ಕಪಕ್ಕ ಕೂರುತ್ತಿದ್ದರು. ಜೇನಿನವನು ಮಾತಿಗೆ ಮೊದಲು ನೂರು ಸಲ ಗಂಟಲು ಸರಿಮಾಡಿಕೊಂಡದ್ದು, ಪಂಪಿನವನ ಟೈ ಮೈಕಿಗೆ ಸಿಕ್ಕಿಕೊಂಡದ್ದು, ಇಂಥದ್ದೇ ಮಾತು. ಕ್ರಮೇಣ ಅವಳು ಫ್ಲಾಸ್ಕಿನಲ್ಲಿ ಚಹಾ ತರತೊಡಗಿದಳು. ಒಮ್ಮೆ ಅವರು, ಮನೆಗೆ ಹೋಗಿ ಏನು ಮಾಡ್ತೀರಿ ಎಂದು ಕೇಳಿದರು. ಬಟ್ಟೆ ಮಡಚ್ತೀನಿ ಎಂದಳು. ಅದೇನೋ ಮಹಾ ಸಂಗತಿಯೆಂಬಂತೆ ಅವರು ಬಹಳ ಹೊತ್ತು ತಲೆಯಾಡಿಸಿದರು. ಅಷ್ಟರಲ್ಲಿ ಫ್ಯಾನು ನಿಂತಿತು. ಅವರು ಎದ್ದು ವೈರು ಸುತ್ತತೊಡಗಿದರು.

ಗಂಡ ಸತ್ತು ಎಷ್ಟೋ ವರ್ಷವಾಗಿತ್ತು ಅವಳಿಗೆ; ಮಗಳು ಮದುವೆಯಾಗಿ ದೂರವಿದ್ದಳು. ಒಂದು ಗುರುವಾರ ಮಗಳ ಫೋನು ಬಂದಾಗ, ಆಮೇಲೆ ಮಾಡ್ತೀನಿ ಕಣೇ, ಇವರು ಇನ್ನೂ ಮೆಷಿನ್ ಎತ್ತಿಟ್ಟಿಲ್ಲ ಎಂದುಬಿಟ್ಟಳು. "ಇವರು ಅಂದ್ರೆ ಯಾರಮ್ಮ?" ಎಂದಳು ಮಗಳು. ಬೀಗದಕ್ಕನ ಕಿವಿ ಕೆಂಪಾಯಿತು. ಪಕ್ಕದಲ್ಲಿದ್ದವರಿಗೆ ಕೇಳಿಸಿತೋ ಇಲ್ಲವೋ, ಅವರು ಚಹಾದ ಲೋಟದೊಳಗೆ ಮುಖವಿಟ್ಟುಕೊಂಡಿದ್ದರು.

*

ಪಾಲುದಾರ ಮೆಷಿನ್ ಹಚ್ಚಿದಾಗ ಅಣ್ಣನ ಮುಖ ಪರದೆಯ ಮೇಲೆ ಬಂತು, ಬರಬಾರದ ಹಾಗೆ ಬಂತು. ಹಣೆ ಅಗಲ, ಗಲ್ಲ ಚೂಪು, ಒಂದು ಕಿವಿ ಗೋಡೆಯ ಗಡಿಯಾರದ ಮೇಲೆ. ಮೇಲಾಗಿ ಎಲ್ಲ ಮಸುಕು. ಮುಂದಿನ ಸಾಲಿನಲ್ಲಿ ಕಿಡ್ನಿ ಡಾಕ್ಟರು ಕೆಮ್ಮಿ ನಗು ನುಂಗಿಕೊಂಡರು. ತಂಗಿ ಅಳುವುದೋ ನಗುವುದೋ ತಿಳಿಯದೆ, "ನಮ್ಮಣ್ಣ ಹೀಗಿರ್ಲಿಲ್ಲ," ಎಂದಳು.

"ಬಿಚ್ಚಿ ಕೂಡ್ಸೋಕೆ ಹೇಳಿ, ಮಾಡ್ತೀನಿ," ಎಂದ ಪಾಲುದಾರ ಬೆವರು ಒರೆಸಿಕೊಳ್ಳುತ್ತ. "ಈ ಕೂರ್ಸೋ ಕೆಲ್ಸ ಎಲ್ಲ ಅವರದೇ ಆಗಿತ್ತು."

ಬೀಗದಕ್ಕ ಎದ್ದು ಬಂದಳು. ಕಲಿತವಳಲ್ಲ, ಪಕ್ಕದಲ್ಲಿ ಕೂತು ನೋಡಿದವಳು. ಮೇಜನ್ನು ನಡುವಿಗೆ ಎಳೆಸಿದಳು, ಮುಂಗಾಲನ್ನು ಇಳಿಸಿದಳು. ಮುಖ ಮುಖದ ಆಕಾರಕ್ಕೆ ಬಂತು. ಆಮೇಲೆ ಮಸೂರದ ಸುತ್ತಲಿನ ಬಳೆಗೆ ಬೆರಳಿಟ್ಟು, ಅವರು ಮಾಡುತ್ತಿದ್ದ ಹಾಗೆಯೇ, ಬಲು ನಿಧಾನವಾಗಿ ತಿರುಗಿಸಿದಳು. ಮಸುಕಿನೊಳಗಿಂದ ಮೊದಲು ಹುಬ್ಬು ಬಂತು, ಆಮೇಲೆ ಕಣ್ಣು, ತುಟಿಯ ಕೊನೆಯಲ್ಲಿ ತಡೆದುಕೊಂಡ ನಗು. ಎಡಗಿವಿಯ ಕೆಳಗೆ ಒಂದು ಮಚ್ಚೆಯಿತ್ತು. ಅಕ್ಕಪಕ್ಕ ಕೂತ ಇಷ್ಟು ವರ್ಷದಲ್ಲಿ ಅವರು ಇವಳ ಎಡಕ್ಕೇ ಕೂರುತ್ತಿದ್ದುದರಿಂದ ಆ ಕೆನ್ನೆಯನ್ನು ಅವಳು ಸರಿಯಾಗಿ ಕಂಡೇ ಇರಲಿಲ್ಲ. ಅವಳ ಬೆರಳು ಬಳೆಯ ಮೇಲೇ ಉಳಿಯಿತು. ಇನ್ನೂ ತಿರುಗಿಸಿದರೆ ಮತ್ತೆ ಮಸುಕಾಗುತ್ತದೆಂದು ಹೆದರಿ ಕೈ ತೆಗೆದಳು.

ಜನ ಒಬ್ಬೊಬ್ಬರಾಗಿ ಎದ್ದು ನಿಂತು ಮಾತಾಡಿದರು. ತಮ್ಮ ಲ್ಯಾಪ್‌ಟಾಪು ಕೈಕೊಟ್ಟ ದಿನ ಅವರು ತಮ್ಮದನ್ನೇ ಕೊಟ್ಟು ಮಾನ ಉಳಿಸಿದರೆಂದು ಡಾಕ್ಟರು ಹೇಳಿದರು. ಟೈ ಮೈಕಿಗೆ ಸಿಕ್ಕಿದ ಕತೆಯನ್ನು ಪಂಪಿನವನು ತಾನೇ ಹೇಳಿ ಎಲ್ಲರನ್ನೂ ನಗಿಸಿದ. ತಂಗಿಯ ಮಾತು ಮಾತ್ರ ಬೀಗದಕ್ಕನಿಗೆ ನಾಟಿತು. "ಸಾರಿಗೆ ಉಪ್ಪಿಲ್ಲ ಅಂತ ಹೇಳೋಕೂ ನಮ್ಮಣ್ಣಂಗೆ ಮೂರು ದಿನ ಬೇಕಿತ್ತು. ಮದುವೆ ಮಾತೆತ್ತಿದ್ರೆ ನೋಡೋಣ ಅಂತಿದ್ದ. ನೋಡ್ತಾ ನೋಡ್ತಾ ತಲೆ ಬೆಳ್ಳಗಾಯ್ತು," ಎಂದು ಆಕೆ ಕಣ್ಣೊರೆಸಿಕೊಂಡು ಕೂತಳು.

*

ಕೆಲವು ವರ್ಷಗಳ ಕೆಳಗೆ ಹಳೆಯ ಮೆಷಿನ್ ಕೆಟ್ಟು ಹೊಸದು ಬಂದಿತ್ತು. ಬಿಳಿಯದು, ತೆಳ್ಳಗಿತ್ತು. ಮೊದಲನೆಯ ಸಂಜೆ ಅದನ್ನು ಆರಿಸಿದಾಗ ಫ್ಯಾನಿನ ಸದ್ದೇ ಇಲ್ಲ. ಇನ್ನು ಕೂರುವ ಹಾಗಿಲ್ಲವೆಂದು ಬೀಗದಕ್ಕ ಬೀಗದಕೈ ಕೈಗೆತ್ತಿಕೊಂಡಳು. ಆದರೆ ಅವರು ಏಳಲಿಲ್ಲ. ಈಗಿನ ಫ್ಯಾನು ಸದ್ದು ಮಾಡುವುದಿಲ್ಲ, ಅಷ್ಟೇ. ಒಳಗೆ ಶಾಖ ಹಾಗೇ ಇರುತ್ತದೆ ಎಂದರು. ಆಗಾಗ ಬೆರಳ ಹಿಂಬದಿಯಿಂದ ಮುಟ್ಟಿ ನೋಡಿ, "ಇನ್ನೂ ಬಿಸಿ ಇದೆ," ಎನ್ನುವರು. ಹಳೆಯದಕ್ಕಿಂತ ಇದಕ್ಕೆ ತಣ್ಣಗಾಗಲು ಜಾಸ್ತಿ ಹೊತ್ತು ಬೇಕಾಗಿತ್ತು. ಅದ್ಯಾಕೆ ಎಂದು ಅವಳು ಕೇಳಿದ್ದಕ್ಕೆ, ಹೊಸದಲ್ಲವೇ ಎಂದು ವೈರಿನ ಕಡೆ ತಿರುಗಿದರು.

ಆ ಹೊತ್ತು ತನಗಾಗಿಯೋ ಮೆಷಿನ್ನಿಗಾಗಿಯೋ ಎಂಬ ಅನುಮಾನ ಅವಳನ್ನು ಕೊರೆಯುತ್ತಿತ್ತು. ಬಾಯಿಬಿಟ್ಟು ಕೇಳುವುದು ಹೇಗೆ? ಒಂದು ಗುರುವಾರ ಉಪಾಯ ಮಾಡಿದಳು. "ತಡ ಆಗುತ್ತೆ ನಿಮಗೆ. ಮೆಷಿನ್ ಇಲ್ಲೇ ತಣ್ಣಗಾಗ್ಲಿ, ಬೀಗ ಹಾಕ್ತೀನಿ. ಬೆಳಿಗ್ಗೆ ಬಂದು ತಗೊಂಡು ಹೋಗಿ," ಎಂದಳು. ಇಲ್ಲ, ನಿಮ್ಮ ಜೊತೆ ಕೂತಿರ್ತೀನಿ ಎಂದಾರು ಎಂಬುದು ಅವಳ ಲೆಕ್ಕ.

ಅವರು ಗಾಬರಿಯಾದವರಂತೆ ನೋಡಿದರು. "ಇಲ್ಲ ಇಲ್ಲ. ಮೆಷಿನ್ ಬಿಟ್ಟು ಹೋಗೋಕಾಗಲ್ಲ."

ಮುಗಿಯಿತಲ್ಲ. ಆ ರಾತ್ರಿ ಅವಳು ಬಟ್ಟೆ ಮಡಚುತ್ತ ಅತ್ತಳು, ಒಂದು ಪ್ಲಾಸ್ಟಿಕ್ ಡಬ್ಬಿಯ ಮೇಲೆ ಸವತಿಯ ಹೊಟ್ಟೆಕಿಚ್ಚು ಪಟ್ಟಳು, ಈ ವಯಸ್ಸಿಗೆ ಇದು ಬೇಕಿತ್ತೇ ಎಂದು ತನ್ನನ್ನೇ ಬೈದುಕೊಂಡಳು. ಮುಂದಿನ ಗುರುವಾರ ಚಹಾ ತರಲಿಲ್ಲ. ಅದರ ಮುಂದಿನ ವಾರ ತಂದಳು, ಅದು ಬೇರೆ ಮಾತು. ಆದರೆ ಆಸೆ ಇಟ್ಟುಕೊಳ್ಳುವುದನ್ನು ಬಿಟ್ಟೆನೆಂದು ತನಗೆ ತಾನೇ ಹೇಳಿಕೊಂಡಿದ್ದಳು.

*

ಸಂಜೆಯ ಹೊತ್ತಿಗೆ ಜನ ಕರಗಿದರು. ತಂಗಿ ಬೀಗದಕ್ಕನ ಎರಡೂ ಕೈ ಹಿಡಿದು, ತುಂಬ ಉಪಕಾರವಾಯ್ತು, ಹಾಲಿನ ಬಾಡಿಗೆ ನಾಳೆ ಕಳಿಸ್ತೀವಿ ಎಂದು ಹೇಳಿ ಮೆಟ್ಟಿಲಿಳಿದಳು. ಬಾಡಿಗೆ ಬೇಡ ಎನ್ನುವುದಕ್ಕೆ ತಾನು ಯಾರು ಎಂದುಕೊಂಡಳು ಇವಳು. ಒಳಗೆ ಬಂದಾಗ ಪರದೆಯ ಮೇಲೆ ಅವರ ಮುಖ ಇನ್ನೂ ಇತ್ತು. ಅವಳು ಕಣ್ತುಂಬ ನೋಡುವಷ್ಟರಲ್ಲಿ ಪಾಲುದಾರ ಗುಂಡಿಯೊತ್ತಿದ. ಮುಖ ಹೋಯಿತು. ಅವನು ಪಟ್ಟನೆ ಪ್ಲಗ್ಗು ಕಿತ್ತು, ಮೆಷಿನ್ನನ್ನು ಎತ್ತಿ ಚೀಲಕ್ಕೆ ತುರುಕಿದ.

"ಅಯ್ಯೋ, ಬಿಸಿ ಇರುತ್ತಪ್ಪ. ತಣ್ಣಗಾಗೋ ತನಕ ಕೂತ್ಕೋಬೇಕು," ಎಂದು ಅವಳು ಓಡಿ ಬಂದಳು.

"ಇದಕ್ಕೆ ಅದೆಲ್ಲ ಇಲ್ಲ ಅಕ್ಕ. ಹಳೇದಕ್ಕೆ ಇತ್ತು. ಇದನ್ನ ಆರಿಸಿದ ತಕ್ಷಣ ತಗೊಂಡು ಹೊರಡ್ಬಹುದು." ಅವನು ಜಿಪ್ಪು ಎಳೆಯುತ್ತಲೇ ಹೇಳಿದ. "ಕೂತ್ಕೋಬೇಕು ಅಂತ ಯಾರು ಹೇಳಿದ್ರು ನಿಮಗೆ?"

"ಅವರೇ."

"ಅವರಾ? ಇದನ್ನ ಹುಡುಕಿ ಕೊಂಡು ತಂದಿದ್ದೇ ಅವರು. ಬೇರೆ ಹಾಲ್‌ಗಳಲ್ಲಿ ಜನ ಏಳೋದ್ರೊಳಗೆ ಗಂಟುಮೂಟೆ ಕಟ್ಟಿರ್ತಿದ್ರು. ಗುರುವಾರ ಮಾತ್ರ ಅಂಗಡಿಗೆ ಬರೋದು ತಡ. ಶುಗರ್ ಬೇರೆ ಇತ್ತಲ್ಲ, ಕದ್ದು ಎಲ್ಲೋ ಸಿಹಿ ತಿಂದು ಬರ್ತಾರೆ ಅಂತ ನಾನು ರೇಗಿಸ್ತಿದ್ದೆ. ನಗ್ತಿದ್ರು, ಅಷ್ಟೇ..." ಇಷ್ಟು ಹೇಳಿದವನು ಅವಳ ಮುಖ ನೋಡಿದ. ಜಿಪ್ಪಿನ ಮೇಲಿದ್ದ ಕೈ ಅಲ್ಲೇ ನಿಂತಿತು.

ಅವಳು ಮೇಜಿನ ಹಿಂದಿನ ತನ್ನ ಕುರ್ಚಿಯಲ್ಲಿ ಕೂತಳು. ಮೈಯೆಲ್ಲ ಸಂತೋಷ ಹರಿದಾಡಿತು, ಅದರ ಬೆನ್ನಿಗೇ ಕೆಟ್ಟ ಸಿಟ್ಟು ಬಂತು. ಮಹಾರಾಯ, ಸುಳ್ಳು ಹೇಳಲು ಬಂದ ಬಾಯಿಗೆ ಇನ್ನೊಂದು ಮಾತು ಹೇಳಲು ಏನಾಗಿತ್ತು? ಬಿಟ್ಟು ಹೋಗಿ ಎಂದಾಗ ಗಾಬರಿಯಾದದ್ದು ಯಾಕೆಂದು ಈಗ ತಿಳಿಯಿತು. ಕೂರಲು ಅವರಿಗಿದ್ದದ್ದು ಅದೊಂದೇ ನೆಪ, ಅದನ್ನೂ ಇವಳೇ ಕಿತ್ತುಕೊಳ್ಳಲು ಹೋಗಿದ್ದಳು. ತಾನಾದರೂ ಬಾಯಿಬಿಡಬಹುದಿತ್ತು. ಬಿಡಲಿಲ್ಲ. ಇಬ್ಬರೂ ಸೇರಿ ಒಂದು ತಣ್ಣನೆಯ ಡಬ್ಬಿಯನ್ನು ವರ್ಷಗಟ್ಟಲೆ ಕಾದಿದ್ದರು.

ಪಾಲುದಾರ ಚೀಲದ ಜಿಪ್ಪನ್ನು ಮತ್ತೆ ತೆರೆದು, ಮೆಷಿನ್ನನ್ನು ಹೊರಗೆ ತೆಗೆದು, ಮೇಜಿನ ಮೇಲೆ ಮೊದಲಿದ್ದ ಹಾಗೆಯೇ ಇಟ್ಟ. "ನಾನು ಕೆಳಗೆ ಗಾಡಿ ಹತ್ರ ಇರ್ತೀನಿ ಅಕ್ಕ," ಎಂದು ಬಾಗಿಲು ಮುಂದೆ ಮಾಡಿಕೊಂಡು ಹೋದ.

ಅವಳು ಪಕ್ಕದ ಕುರ್ಚಿಯನ್ನು ನೋಡುತ್ತ ಕೂತಳು. ಕಿಟಕಿಯ ಬೆಳಕು ನೆಲದಿಂದ ಪರದೆಗೆ ಏರಿತು, ಪರದೆಯಿಂದಲೂ ಹೋಯಿತು. ಬೀದಿಯಲ್ಲಿ ಅಂಗಡಿಗಳ ಬಾಗಿಲು ಎಳೆಯುವ ಸದ್ದು ಶುರುವಾದಾಗ ಮೆಟ್ಟಿಲ ಬುಡದಿಂದ ಪಾಲುದಾರ ಮೆಲ್ಲಗೆ ಕೂಗಿದ.

"ಅಕ್ಕ, ಆಯ್ತಾ? ಬರ್ಲಾ?"

ಮೆಷಿನ್ನಿನ ತಣ್ಣನೆಯ ಬೆನ್ನ ಮೇಲೆ ಅಂಗೈಯಿಟ್ಟುಕೊಂಡೇ ಅವಳು ಬಾಗಿಲ ಕಡೆ ಮುಖ ತಿರುಗಿಸಿದಳು.

"ಇಲ್ಲಪ್ಪ," ಎಂದಳು. "ಇನ್ನೂ ಬಿಸಿ ಇದೆ."