ಪ್ರೇಕ್ಷಾ ಯಾವ ಬಸ್ಸು ಹತ್ತಬೇಕು?

ಹತ್ತನೇ ಕ್ಲಾಸಿನ ಫಲಿತಾಂಶ ಬಂದರೆ ನಮ್ಮ ಉಪ್ಪುಂದದ ಕಡಲ ಬದಿಯ ಮನೆಗಳಲ್ಲಿ ಒಂದೇ ಮಾತು. ಆಚೆಮನೆಯ ಮಗು ಯಾವ ಕಾಲೇಜಿಗೆ ಸೇರಿತು? ನಮ್ಮದೂ ಅಲ್ಲಿಗೇ. ಇದು ದೋಣಿಯವರ ರೂಢಿ. ಒಂದು ದೋಣಿಗೆ ಮೀನು ಬಿತ್ತೆಂದರೆ ಉಳಿದವೂ ಆ ಬದಿಗೇ ತಿರುಗುತ್ತವೆ. ಹಿಂದೆ ಹುಡುಗರು ಬೊಂಬಾಯಿಗೆ ಹೋಟೆಲ್ ಕೆಲಸಕ್ಕೆ ಹೋದದ್ದೂ ಹಾಗೆಯೇ, ಒಬ್ಬನ ಹಿಂದೆ ಒಬ್ಬ.

ದೋಣಿಗೆ ಹೋಗುವ ಮುತ್ತು ತನ್ನ ಮಗಳು ಪ್ರೇಕ್ಷಾಳನ್ನು ಕಾಮರ್ಸಿಗೆ ಸೇರಿಸುವುದೆಂದು ನಿಶ್ಚಯಿಸಿದ್ದ. ಆಚೆಮನೆ ಗೋಪಿಯ ಮಗಳು ಅದಕ್ಕೇ ಸೇರಿದ್ದಳು. ಕಾಲೇಜು ಹತ್ತಿರ, ಇಬ್ಬರೂ ಒಂದೇ ಬಸ್ಸಿಗೆ ಹೋಗಿ ಬರಬಹುದು. ಸೋಮವಾರ ಸೇರಿಸುವುದಿತ್ತು.

ಶನಿವಾರ ಬೆಳಿಗ್ಗೆ ಪಂಚಾಯತಿ ಲೈಬ್ರರಿ ನೋಡಿಕೊಳ್ಳುವ ದಿವ್ಯಾ ಆ ದಾರಿಯಲ್ಲಿ ಬಂದಳು. ಮುತ್ತು ಜಗಲಿಯಲ್ಲಿ ಬಲೆ ಸರಿಮಾಡುತ್ತಿದ್ದ. ಅವನ ತಾಯಿ ಅಕ್ಕು ಮೀನು ಕೊಯ್ಯುತ್ತಿದ್ದಳು. ಪ್ರೇಕ್ಷಾ ಬಾಗಿಲಿಗೆ ಒರಗಿ ನಿಂತಿದ್ದಳು.

"ಹ್ವಾಯ್ ಅಕ್ಕಜ್ಜಿ, ಪ್ರೇಕ್ಷಾ ಎಂತಕ್ಕೆ ಸಪ್ಪೆ ಮೋರೆ ಮಾಡಿದ್ದ್?"

"ನಿನ್ ಲೈಬ್ರರಿ ಕಂಪ್ಯೂಟರಂಗೆ ಎಂತದೋ ಕಂಡಳಂಬ್ರ್. ಮೀನಿನ್ ಬಗ್ಗೆ ಓದೂಕೆ ಕಾಲೇಜ್ ಇತ್ತಂಬ್ರ್," ಎಂದಳು ಅಕ್ಕು.

ಮುತ್ತು ನಕ್ಕ. "ಮೀನ್ ಹಿಡೂಕೆ ಕಾಲೇಜಾ? ಹಾಂಗಾರೆ ನಾವೆಲ್ಲ ಹುಟ್ಟುವತಿಗೇ ಪಾಸಾದವ್ರ್."

"ಹಿಡೂದಲ್ಲ ಅಪ್ಪಯ್ಯ," ಪ್ರೇಕ್ಷಾ ಮೆಲ್ಲಗೆ ಹೇಳಿದಳು. "ಮೀನ್ ಸಾಕುದ್, ಅದ್ರ ರೋಗ ಕಾಂಬುದ್, ಕಡಲಂಗೆ ಅದ್ ಹ್ಯಾಂಗ್ ಬದ್ಕತ್ತ್ ಅಂದ್ ಕಲೂದ್. ಅದ್ಕೆ ಪಿಯುಸಿಯಂಗೆ ಸೈನ್ಸ್ ಬೇಕ್, ಜೀವಶಾಸ್ತ್ರ ಬೇಕ್. ಕಾಮರ್ಸಿಗ್ ಸೇರ್ರೆ ಆ ದಾರಿ ಇಲ್ಲೆ."

"ಇಂಟರ್ನೆಟ್ಟಂಗೆ ಕಂಡದ್ದೆಲ್ಲ ಸತ್ಯವಾ ಹೆಣೆ?" ಎಂದ ಮುತ್ತು.

ದಿವ್ಯಾ ಕೇಳಿದಳು, "ಮುತ್ತಣ್ಣ, ಕಡಲಿಗ್ ಹೋಪು ಮುಂಚೆ ಗಾಳಿ ಹ್ಯಾಂಗಿತ್ತ್ ಅಂದ್ ಎಲ್ಲಿ ಕಾಂತ್ರಿ?"

"ಮೊಬೈಲಂಗೆ. ಅದ್ ಸರ್ಕಾರದ್ದಲ್ದಾ."

"ಪ್ರೇಕ್ಷಾ ಕಂಡ ಸೈಟೂ ಸರ್ಕಾರದ್ದೇ. ನ್ಯಾಷನಲ್ ಕೆರಿಯರ್ ಸರ್ವಿಸ್ ಅಂದ್ ಹೆಸ್ರ್. ದುಡ್ಡ್ ಕೊಡುದ್ ಬ್ಯಾಡ. ಯಾವ ಕೆಲ್ಸ ಹ್ಯಾಂಗಿರತ್ತ್ ಅಂದ್ ಇದ್ರಂಗೆ ಹುಡ್ಕುಕಾತ್ತ್. ಆದ್ರೆ ಇದೊಂದನ್ನೇ ಕಂಡ್ ಸುಮ್ನಾಪುದಲ್ಲ. ಮೀನುಗಾರಿಕೆ ಕಾಲೇಜಿನ್ ಫೋನ್ ನಂಬರ್ ಅವ್ರ ಸೈಟಂಗಿತ್ತ್. ಅವ್ರತ್ರವೇ ಕೇಣಿ."

ಮುತ್ತು ಫೋನ್ ಮಾಡಿಸಿದ. ಆ ಕಡೆಯವರು ಪ್ರೇಕ್ಷಾ ಹೇಳಿದ್ದನ್ನೇ ಹೇಳಿದರು. ಪಿಯುಸಿ ಮುಗಿದ ಮೇಲೆ ಪ್ರವೇಶ ಪರೀಕ್ಷೆಯೂ ಉಂಟೆಂದರು.

ಆದರೂ ಮುತ್ತುವಿನ ಮನಸ್ಸು ಒಪ್ಪಲಿಲ್ಲ. "ಸೈನ್ಸ್ ಕಾಲೇಜಿಗೆ ಎರಡ್ ಬಸ್. ಹೆಣ್ ಹುಡ್ಗಿ ಒಬ್ಳೇ ಹೋಪುದ್ ಹ್ಯಾಂಗೆ?"

ಅಕ್ಕು ಕತ್ತಿ ಕೆಳಗಿಟ್ಟಳು. "ಒಂದ್ ವರ್ಷ ಬಂಗುಡೆ ಮೀನ್ ಕಣ್ಣಿಗೇ ಬೀಳ್ಲಿಲ್ಲೆ. ಮುತ್ತು, ನಿನ್ನಪ್ಪಯ್ಯ ದಿನಾ ಖಾಲಿ ದೋಣಿ ತಕಂಡ್ ಬತ್ತಿದ್ರ್. ಮೀನ್ ಎಲ್ಲಿಗ್ ಹೋಯ್ತ್ ಅಂದ್ ಹೇಳುವವ್ರ್ ಯಾರೂ ಇರ್ಲಿಲ್ಲೆ. ಪ್ರೇಕ್ಷಾ, ಅದನ್ನೂ ಕಲಿಸ್ತ್ರಾ ಮಗಾ?"

"ಅದನ್ನೂ ಕಲಿಸ್ತ್ರ್ ಅಜ್ಜಿ."

"ಹಾಂಗಾರೆ ಎರಡ್ ಬಸ್ ಎಂತ ದೂರ? ನಾನ್ ಮೀನ್ ಬುಟ್ಟಿ ಹೊತ್ಕಂಡ್ ನಡ್ಕಂಡೇ ಬೈಂದೂರಿಗ್ ಹೋತಿದ್ದೆ, ಒಬ್ಳೇ. ಆಗ ನಿಮ್ಗೆಲ್ಲ ಭಯ ಆಯ್ಲಿಲ್ಯಾ?"

ಮುತ್ತು ಕೈಲಿದ್ದ ಗಂಟು ಬಿಗಿದು ಬಲೆಯನ್ನು ಪಕ್ಕಕ್ಕಿಟ್ಟ. ಆಮೇಲೆ ಮಗಳ ಕಡೆ ನೋಡಿದ. "ಸೋಮವಾರ ನಾನೂ ಬತ್ತೆ. ಮೊದ್ಲಿನ್ ಬಸ್ ಎಷ್ಟ್ ಗಂಟಿಗೆ ಕೇಣ್."

ಪ್ರೇಕ್ಷಾ ಸೈನ್ಸಿಗೆ ಸೇರಿದಳು. ಸುದ್ದಿ ಕೇಳಿ ಗೋಪಿಯೂ ಮಗಳನ್ನು ಲೈಬ್ರರಿಗೆ ಕರೆದುಕೊಂಡು ಹೋದ. ಆ ಹುಡುಗಿಗೆ ಲೆಕ್ಕಪತ್ರದ ಕೆಲಸವೇ ಇಷ್ಟವೆಂದು ತಿಳಿಯಿತು. ಅವಳು ಕಾಮರ್ಸಿನಲ್ಲೇ ಉಳಿದಳು. ಅದೂ ಸರಿಯೇ.

ಹೆತ್ತವರೇ, ಆಚೆಮನೆಯ ಮಗುವಿನ ದಾರಿ ಒಳ್ಳೆಯದೇ ಇರಬಹುದು, ಆದರೆ ಅದು ಆ ಮಗುವಿನದು. ಎಂಟು, ಒಂಬತ್ತನೇ ಕ್ಲಾಸಿನಿಂದಲೇ ಮಕ್ಕಳು ಹುಡುಕಲಿ. ಮನೆಯಲ್ಲಿ ಇಂಟರ್ನೆಟ್ ಇಲ್ಲದಿದ್ದರೆ ಪಂಚಾಯತಿ ಲೈಬ್ರರಿಯಲ್ಲಿ, ಶಾಲೆಯ ಮೇಷ್ಟ್ರ ಹತ್ತಿರ ವಿಚಾರಿಸಿ. ದುಡ್ಡು ಕೇಳುವ, ಸೀಟು ಖಂಡಿತ ಎನ್ನುವ ಜಾಲತಾಣ ಕಂಡರೆ ಹಿಂದೆ ಸರಿಯಿರಿ. ಓದಿದ್ದನ್ನು ಕಾಲೇಜಿನವರಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ನಿಮಗೆ ಓದಲು ಬಾರದಿದ್ದರೂ ಚಿಂತೆಯಿಲ್ಲ. ಮಗು ಓದಿ ಹೇಳಲಿ, ನೀವು ಪಕ್ಕದಲ್ಲಿ ಕುಳಿತು ಕೇಳಿ.