ಹುರುಳಿ ಹಾಸಿದ ರಸ್ತೆ

ನಮ್ಮ ಕಡೆ ಹುರುಳಿ ಒಕ್ಕಲು ಕಣ ಮಾಡುವವರು ಈಗ ಯಾರೂ ಇಲ್ಲ. ಟಾರು ರಸ್ತೆಯೇ ಕಣ. ಗಿಡ ಕಿತ್ತು ತಂದು ರಸ್ತೆಯ ಅಗಲಕ್ಕೂ ಹರಡಿ ಮರದ ನೆರಳಿನಲ್ಲಿ ಕೂತರೆ ಆಯಿತು, ಬಸ್ಸು ಲಾರಿಗಳು ಪುಕ್ಕಟೆ ಒಕ್ಕಿ ಕೊಡುತ್ತವೆ. ಆ ವರ್ಷವೂ ಸಂಕ್ರಾಂತಿಗೆ ಮುಂಚೆ ಹುಣಸೂರಿನ ಪಕ್ಕದ ನಮ್ಮೂರ ಮುಂದೆ ನಮ್ಮ ಮನೆಯ ಹುರುಳಿ ಹಾಗೇ ಬಿದ್ದಿತ್ತು. ಲಾರಿ ಹಾದುಹೋದಾಗಲೆಲ್ಲ ನಾವು ಹಿಗ್ಗಿದವರೇ. ಹಾಗಾಗಿ ನನಗೆ ಯಾರನ್ನೂ ಬೈಯುವ ಹಕ್ಕಿಲ್ಲ. ನನ್ನಂಥ ಬಾಯಿ ಜೋರಿನವಳಿಗೆ ಬೈಯಲು ಒಬ್ಬರೂ ಸಿಗದೆ ಹೋಗುವುದು ಎಂಥ ಶಿಕ್ಷೆ ಅನ್ನುವುದು ನನಗೊಬ್ಬಳಿಗೇ ಗೊತ್ತು.

ಮಿರ್ಲೆಯಲ್ಲಿ ಅಕ್ಕನ ಮಗುವಿಗೆ ಹೆಸರಿಡುವ ಶಾಸ್ತ್ರ ಮುಗಿಸಿ ವಾಪಸ್ ಬರುತ್ತಿದ್ದೆವು. ಗಾಡಿ ಓಡಿಸುತ್ತಿದ್ದವರು ನನ್ನ ಗಂಡ ಸ್ವಾಮಿ. ನಾನು ಹಿಂದೆ, ನಾಲ್ಕು ವರ್ಷದ ಮಗಳು ಹರ್ಷಿತಾ ಮುಂದೆ, ಪೆಟ್ರೋಲ್ ಟ್ಯಾಂಕಿನ ಮೇಲೆ. ಅದು ಅವಳ ಜಾಗ. ಹಾರನ್ ಒತ್ತುವ ಅಧಿಕಾರವೂ ಅವಳದೇ, ಅಪ್ಪ ಒತ್ತಿದರೆ ರಂಪ ಮಾಡುತ್ತಿದ್ದಳು. ಕೆ.ಆರ್. ನಗರ ದಾಟಿದ ಮೇಲೆ ಒಂದು ಹಳ್ಳಿಯ ತಿರುವಿನಲ್ಲಿ ಹುರುಳಿ ಹಾಸಿದ್ದರು. ಸ್ವಾಮಿ ಗಾಬರಿಯಾಗಿ ಬ್ರೇಕು ಒತ್ತಿದರು. ಗಾಡಿ ಅಡ್ಡಡ್ಡ ಜಾರಿ ಮಲಗಿಬಿಟ್ಟಿತು. ನನ್ನ ಮೊಣಕೈ ತರಚಿತು, ಅವರ ತೋಳು ಮುರಿಯಿತು. ಹರ್ಷಿತಾಳ ತಲೆ ಮೈಲಿಗಲ್ಲಿಗೆ ಬಡಿಯಿತು. ಹುರುಳಿ ಹರಡಿದ್ದ ರಾಮಮ್ಮ ಎಂಬ ಮುದುಕಿಯೇ ಓಡಿಬಂದು ಮಗುವನ್ನು ಮಡಿಲಿಗೆ ಎತ್ತಿಕೊಂಡು, "ಅಯ್ಯೋ ನನ್ ಕಂದಾ" ಅಂತ ಎದೆ ಬಡಿದುಕೊಂಡಳು. ನಾವು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಸ್ವಾಮಿ ಊರೂರಿಗೆ ಹೋಗಿ ಹಸುಗಳಿಗೆ ಗರ್ಭ ಕಟ್ಟುವ ಇಂಜೆಕ್ಷನ್ ಹಾಕುವವರು. ಹಸು ಬೆದೆಗೆ ಬಂದಿದೆ ಎಂದು ಹೇಳಿಕಳುಹಿಸಿದರೆ ಅದೇ ದಿನ ಹೋಗಬೇಕು. ತೋಳು ಕೂಡಿದ ಮೇಲೆ ಗಾಡಿ ಮುಟ್ಟದೆ ಸೈಕಲ್ಲು ಹಿಡಿದರು. ಅವರು ಮುಟ್ಟುವ ಹೊತ್ತಿಗೆ ಹಸುವಿನ ಬೆದೆ ಇಳಿದಿರುತ್ತಿತ್ತು. ಜನ ಬೇರೆಯವರನ್ನು ಕರೆಯತೊಡಗಿದರು. ನನಗೆ ಅದರ ಚಿಂತೆ ಅಷ್ಟಿರಲಿಲ್ಲ. ಮನುಷ್ಯ ಮಾತೇ ಬಿಟ್ಟಿದ್ದರು. ಗೋಡೆ ಪಕ್ಕ ತಾಡಪಾಲು ಹೊದ್ದು ನಿಂತ ಯೆಜ್ಡಿ ಗಾಡಿಯನ್ನು ನೋಡುವುದು, ತಲೆ ತಗ್ಗಿಸುವುದು, ಉಂಡ ಶಾಸ್ತ್ರ ಮಾಡಿ ಏಳುವುದು. ಮಗಳಂತೂ ಹೋದಳು, ಗಂಡನಾದರೂ ಉಳಿಯಲಿ ಅನ್ನುವುದೊಂದೇ ನನ್ನ ಆಸೆ. ಗಾಡಿ ಹತ್ತಿಸಿದರೆ ಹಳೇ ಸ್ವಾಮಿ ವಾಪಸ್ ಬರುತ್ತಾರೆ ಎಂದು ನಂಬಿಕೊಂಡೆ. ಮಾರಿಬಿಡಿ ಅಂದವರಿಗೆಲ್ಲ ಸರಿಯಾಗಿ ಉತ್ತರ ಕೊಟ್ಟು ಕಳಿಸಿದೆ.

ಬೇಸಿಗೆಯಲ್ಲಿ ಹುಣಸೂರಿನಿಂದ ಮೆಕ್ಯಾನಿಕ್ ಜಾನ್ ಪಾಷಾನನ್ನು ಕರೆಸಿ ಗಾಡಿ ರಿಪೇರಿ ಮಾಡಿಸಿದೆ. ಹೊರಡುವಾಗ ಅವನು ಸ್ವಾಮಿಯ ಕಡೆ ನೋಡದೆ ನನಗೆ ಹೇಳಿದ: "ರಾಣಕ್ಕ, ಸೊಪ್ಪು ಸೆತ್ತೆ ಸಿಕ್ರೆ ಬ್ರೇಕ್ ಮುಟ್ಬಾರ್ದು. ಮುಂಚೇನೇ ನಿಧಾನ ಮಾಡ್ಕಂಡು, ಹ್ಯಾಂಡ್ಲು ನೆಟ್ಟಗೆ ಹಿಡ್ದು ಬುಟ್ಬುಡೋದು. ಗಾಡಿ ತಾನೇ ದಾಟ್ಕತದೆ."

ಕೆರೆ ಬತ್ತಿತ್ತು. ಆ ಬಯಲಿಗೆ ದಿನಾ ಸಂಜೆ ಗಾಡಿ ತಳ್ಳಿಕೊಂಡು ಹೋದೆವು. ಸೈಕಲ್ಲೂ ಬಾರದ ನಾನು ಮೇಷ್ಟ್ರು, ಹೈಸ್ಕೂಲಿನಿಂದ ಗಾಡಿ ಓಡಿಸಿದವರು ಶಿಷ್ಯ! ಮೊದಮೊದಲು ಬರೀ ಕೂರುತ್ತಿದ್ದರು. ಕಿಕ್ ಹೊಡೆದರೆ ಸಟ್ಟನೆ ಕ್ಲಚ್ಚು ಬಿಟ್ಟುಬಿಡುತ್ತಿದ್ದರು, ಗಾಡಿ ಎಗರಿ ನಿಲ್ಲುತ್ತಿತ್ತು.

"ಆಗಾಕಿಲ್ಲ ಕಣೇ, ಬುಟ್ಬುಡು ನನ್ನ," ಅಂದರು ಒಂದು ಸಂಜೆ.

ನನಗೆ ಎಲ್ಲಿತ್ತೋ ಸಿಟ್ಟು. "ನೀವೊಬ್ರೇ ಹೆತ್ತಿದ್ರಾ ಅವ್ಳ? ನಂಗೂ ಮಗ್ಳೇ ಕಣ್ರೀ! ನಾನು ದಿನಾ ಎದ್ದು ಒಲೆ ಅಚ್ತಿಲ್ವಾ? ಒಡೀರಿ ಕಿಕ್ಕು!"

ಹೊಡೆದರು. ಅಳುತ್ತಲೇ ಹೊಡೆದರು. ಅವತ್ತು ಗಾಡಿ ಸ್ವಲ್ಪ ದೂರ ಹೋಯಿತು, ನಾನು ಪಕ್ಕದಲ್ಲೇ ಸೀರೆ ಎತ್ತಿ ಕಟ್ಟಿಕೊಂಡು ಓಡಿದೆ. ಆಮೇಲೆ ಎರಡನೇ ಗೇರು, ಮೂರನೇ ಗೇರು, ಸುತ್ತು, ತಿರುವು. ಒಂದು ಮಾತ್ರ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಅವರು ಸೀಟಿನ ತೀರಾ ಹಿಂದಕ್ಕೆ ಕೂತು, ಕೈ ಎರಡನ್ನೂ ಅಗಲಿಸಿ, ಟ್ಯಾಂಕಿನ ಮೇಲೆ ಒಂದು ಮಗುವಿನಷ್ಟು ಜಾಗ ಬಿಟ್ಟೇ ಓಡಿಸುತ್ತಿದ್ದರು.

ಉಳಿದದ್ದು ಸೆತ್ತೆಯ ಭಯ. ದಾರಿಗೆ ನಾಲ್ಕು ಒಣ ಎಲೆ ಬಿದ್ದಿದ್ದರೂ ಇಳಿದು ತಳ್ಳಿಕೊಂಡು ದಾಟುತ್ತಿದ್ದರು. ಮತ್ತೆ ಚಳಿಗಾಲ ಬಂದರೆ ಹೋದ ಕಡೆಯೆಲ್ಲ ಹುರುಳಿ ಹಾಸಿರುತ್ತಾರೆ, ಆಗ ಏನು ಮಾಡುವುದು? ದನಗಳಿಗೆಂದು ಒಟ್ಟಿದ್ದ ಒಣ ಹುರುಳಿ ಸೊಪ್ಪನ್ನು ಹೊರೆ ಕಟ್ಟಿ ಹೊತ್ತುಕೊಂಡು ಹೋಗಿ ನಾನೇ ಕೆರೆಬಯಲಿನಲ್ಲಿ ರಸ್ತೆಯಷ್ಟು ಅಗಲ ಹರಡಿದೆ.

ಮೊದಲ ಸಂಜೆ ಹತ್ತಿರ ಬಂದು ನಿಲ್ಲಿಸಿ ವಾಂತಿ ಮಾಡಿಕೊಂಡರು. ಮಾರನೇ ಸಂಜೆ ಪಕ್ಕಕ್ಕೆ ತಿರುಗಿಸಿಕೊಂಡು ಹೋದರು. ಮೂರನೇ ಸಂಜೆ ನಾನು ಬಿಡಲಿಲ್ಲ. "ಪಾಷಣ್ಣ ಯೋಳಿದ್ದು ಗೆಪ್ತಿ ಮಾಡ್ಕಳಿ. ಬ್ರೇಕ್ ಮುಟ್ಬೇಡಿ. ನೆಟ್ಟಗೆ ಬನ್ನಿ. ನಾನು ಈ ಕಡೆ ನಿಂತಿರ್ತೀನಿ, ನನ್ ಮೊಖ ನೋಡ್ಕಂಡು ಬನ್ನಿ."

ಆ ಸಂಜೆ ಬಂದರು. ದೂರದಲ್ಲೇ ವೇಗ ಇಳಿಸಿದರು. ಹ್ಯಾಂಡಲ್ಲು ನೆಟ್ಟಗಿತ್ತು. ಹುರುಳಿಯ ಮೇಲೆ ಚಕ್ರ ಹರಿದು ಚರಚರ ಸದ್ದಾಯಿತು, ಗಾಡಿ ಒಂಚೂರು ಓಲಾಡಿತು, ದಾಟಿಬಿಟ್ಟಿತು. ಅಷ್ಟೇ. ನಾನು ಕಿರುಚಿ ಚಪ್ಪಾಳೆ ತಟ್ಟಿದೆ. ಅವರು ತಿರುಗಿಸಿಕೊಂಡು ಇನ್ನೊಮ್ಮೆ ದಾಟಿದರು. ಅವರ ಮುಖದಲ್ಲಿ ನಗು ಬಂದಿತ್ತು. ಗೆದ್ದೆ ಅಂದುಕೊಂಡೆ ನಾನು.

ಗಾಡಿ ಆಫ್ ಮಾಡಿ ಇಳಿದರು. ತಿರುಗಿ ಹುರುಳಿಯನ್ನೇ ನೋಡುತ್ತಾ ನಿಂತರು. ನಗು ಹಾಗೇ ಇಂಗಿಹೋಯಿತು.

"ಇಷ್ಟೇನಾ ಕಣೇ?" ಅಂದರು.

ನಾನು ಹತ್ತಿರ ಹೋದೆ.

"ಬ್ರೇಕ್ ಒಂದು ಮುಟ್ದೆ ಇದ್ದಿದ್ರೆ ಆಯ್ತಿತ್ತಾ? ಇಷ್ಟೇನಾ? ಯೋಳೇ ರಾಣಿ!"

ಅವರಿಗೆ ಕಂಡದ್ದು ನನಗೂ ಕಂಡಿತ್ತು. ಅಲ್ಲಿಯ ತನಕ ಅದು ಹಣೆಬರಹವಾಗಿತ್ತು. ಹಣೆಬರಹವನ್ನು ಬೈದುಕೊಂಡು ಹೇಗೋ ಬದುಕಬಹುದಿತ್ತು. ಅವಳು ಉಳಿಯಬಹುದಿತ್ತು, ಅದೂ ಇಷ್ಟು ಸಲೀಸಾಗಿ ಉಳಿಯಬಹುದಿತ್ತು ಎಂದು ಹೊರೆ ಹೊತ್ತು, ಗದರಿ, ಹಟ ಹಿಡಿದು ಅವರಿಗೆ ಕಲಿಸಿದವಳು ನಾನು.

ಅವರು ಕೀಲಿಯನ್ನು ನನ್ನ ಕೈಗಿಟ್ಟು ಕೆರೆ ಏರಿಯ ಕಡೆ ನಡೆದುಬಿಟ್ಟರು. ಕರೆದೆ, ತಿರುಗಲಿಲ್ಲ. ಹುರುಳಿ ಸೊಪ್ಪನ್ನು ಅಲ್ಲೇ ಬಿಟ್ಟು, ಆ ಭಾರದ ಗಾಡಿಯನ್ನು ತಡೆತಡೆದು ತಳ್ಳಿಕೊಂಡು ಮನೆಗೆ ಬಂದೆ. ಅವರು ಆಗಲೇ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಆಮೇಲೆ ನನ್ನ ಜೊತೆ ಅವರಾಡಿದ ಮಾತೆಲ್ಲ ಹೂಂ, ಉಹೂಂ, ಅಷ್ಟೇ.

ಮತ್ತೆ ಹುರುಳಿ ಕೀಳುವ ಕಾಲದಲ್ಲಿ ಹುಣಸೂರು ಸಂತೆಯಲ್ಲಿ ಜಾನ್ ಪಾಷಾ ಸಿಕ್ಕಿದ.

"ರಾಣಕ್ಕ, ಸ್ವಾಮಣ್ಣ ಗಾಡಿ ಕಲ್ತ್ರಾ?"

"ಕಲ್ತ್ರು. ಚೆಂದಾಗೇ ಕಲ್ತ್ರು," ಅಂದೆ.

"ಮತ್ತೆ ನಿನ್ನೆ ಸೈಕಲ್ಲಾಗೆ ಓಗ್ತಿದ್ರಲ್ಲ?"

ತರಕಾರಿ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡೆ.

"ಗಾಡೀನ ಯಾರಿಗಾರ ಮಾರ್ಕೊಟ್ಬುಡು ಪಾಷಣ್ಣ," ಅಂದೆ. "ಮಕ್ಳಿಲ್ದೋರ್ಗೆ ನೋಡಿ ಕೊಡು."